ಬಳೆಗಾರ್ತಿ ಕೇಶರಬಾಯಿ ಬೀದರಿಗೆ ಹೋದದ್ದು

ಹಾವಗೆಪ್ಪ ಸಾವಕಾರ ನೂರು ವರ್ಷ ಬಾಳಲಿ ಎಂದು ಔರಾದಿನಲ್ಲಿ ದಿನಾ ದೇವರಿಗೆ ಕೈಮುಗಿಯುತ್ತಿದ್ದವಳು ಒಬ್ಬಳೇ ಒಬ್ಬಳು. ಅವನ ಹೆಂಡತಿ ಗುಂಡಮ್ಮನಲ್ಲ, ಬಳೆಗಾರ್ತಿ ಕೇಶರಬಾಯಿ. ಪ್ರೀತಿಯಿಂದ ಅಂದುಕೊಂಡಿರಾ? ಜ್ವರವೋ ಕೆಮ್ಮೋ ಬಂದು ಅವನು ಹಾಸಿಗೆಯಲ್ಲಿ ಸುಖವಾಗಿ ಕಣ್ಣು ಮುಚ್ಚಿಬಿಟ್ಟರೆ ತನ್ನ ಪಾಲಿಗೆ ಏನೂ ಉಳಿಯುವುದಿಲ್ಲವಲ್ಲ ಎಂಬ ಭಯ ಅವಳಿಗೆ. "ವಿಠ್ಠಲಾ, ಅವನಿಗಿ ನೀ ಏನೂ ಮಾಡಬ್ಯಾಡಪ್ಪ. ಅವನ್ನ ನನಗ ಬಿಡು" ಎಂದು ಒಲೆ ಹಚ್ಚುವ ಮೊದಲು ಹೇಳಿಕೊಳ್ಳುವಳು. ಇಂಥ ಬೇಡಿಕೆ ಕೇಳಿದ ಮೇಲೆ ಆ ವಿಠ್ಠಲನಿಗೂ ಸೊಂಟದ ಮೇಲಿನ ಕೈ ತೆಗೆಯುವ ಧೈರ್ಯ ಆಗಿರಲಿಕ್ಕಿಲ್ಲ.

ಕೇಶರಬಾಯಿ ಮತ್ತು ಅವಳ ಗಂಡ ಪಂಢರಿ ಹುಟ್ಟಿನಿಂದ ಆ ನೆಲದವರಲ್ಲ. ಇಂಗ್ರೇಜರ ಆಳ್ವಿಕೆಯ ಸೊಲ್ಲಾಪುರ ಸೀಮೆಯವರು. ಬಳೆಗಾರರಲ್ಲಿ ಒಂದು ಕಟ್ಟಳೆಯಿತ್ತು. ಊರಿನ ಮನೆಗಳೆಲ್ಲ ಹಂಚಿಹೋಗಿರುತ್ತವೆ. ಒಬ್ಬನ ಮನೆಯ ಹೊಸ್ತಿಲನ್ನು ಇನ್ನೊಬ್ಬ ಬಳೆಗಾರ ತುಳಿಯುವಂತಿಲ್ಲ, ಸತ್ತರೂ ತುಳಿಯುವುದಿಲ್ಲ. ಪಂಢರಿಯ ಅಣ್ಣಂದಿರು ತಮ್ಮೂರಿನ ಮನೆಗಳನ್ನೆಲ್ಲ ಹಂಚಿಕೊಂಡು ಇವನ ಪಾಲಿಗೆ ಬರೀ ಬೀದಿ ಬಿಟ್ಟಾಗ, ಹೊಸದಾಗಿ ಮದುವೆಯಾಗಿದ್ದ ಈ ಇಬ್ಬರೂ ತಲೆಯ ಮೇಲೆ ಪೆಟ್ಟಿಗೆ ಹೊತ್ತು ಗಡಿ ದಾಟಿ ಮೊಗಲಾಯಿಗೆ ಬಂದರು. ನಿಜಾಮರ ಸೀಮೆಗೆ ಆಗ ಜನ ಹಾಗೇ ಅನ್ನುತ್ತಿದ್ದರು. ಔರಾದಿನಲ್ಲಿ ಮಕ್ಕಳಿಲ್ಲದ ಮುದುಕ ಬಳೆಗಾರನೊಬ್ಬ ಇದ್ದ. ಕಣ್ಣು ಮಂಜಾಗಿದ್ದ ಅವನು ತನ್ನ ಮನೆಗಳನ್ನೆಲ್ಲ ಇವರ ಉಡಿಗೆ ಹಾಕಿ, ಮದುಮಗಳಿಗೆ ಮೊದಲ ಜೋಡಿ ಹಸಿರು ಬಳೆ ಮಾತ್ರ ಗಂಡಸೇ ಇಡಬೇಕು, ಉಳಿದದ್ದನ್ನು ಹೆಂಗಸು ಇಡಬಹುದು, ಇದು ಈ ಊರಿನ ರೀತಿ ಎಂದು ಹೇಳಿ ಕಣ್ಣು ಮುಚ್ಚಿದ.

ಅಂದಿನಿಂದ ಔರಾದೇ ಅವರ ಊರಾಯಿತು. ಕನ್ನಡ ಕಲಿತರು, ಬೈಗುಳವನ್ನು ಇನ್ನೂ ಬೇಗ ಕಲಿತರು. ಕೇಶರಬಾಯಿ ಒಂದು ಸಲ ಕೈ ಹಿಡಿದು ಮೃದುವಾಗಿ ಒತ್ತಿದರೆ ಸಾಕು, ಯಾವ ಬಳೆ ಹೋಗುತ್ತದೆ ಯಾವುದು ಹೋಗುವುದಿಲ್ಲ ಎಂದು ಹೇಳಿಬಿಡುವಳು. ಆ ಊರಿನಲ್ಲಿ ಅವಳು ಹಿಡಿಯದ ಹೆಣ್ಣಿನ ಕೈ ಇರಲಿಲ್ಲ. ಹಾವಗೆಪ್ಪ ಸಾವಕಾರನ ಮಗಳು ಸುಮಿತ್ರಾಗೆ ತೊಟ್ಟಿಲಿನಲ್ಲಿ ಕರಿಬಳೆ ಇಟ್ಟವನೂ ಪಂಢರಿಯೇ. ಆ ಹುಡುಗಿ ಅವನನ್ನು ಕಾಕಾ ಎಂದೇ ಕರೆಯುತ್ತಿತ್ತು.

ಆಮೇಲೆ ರಜಾಕಾರರ ಕಾಲ ಬಂತು. ಹಾವಗೆಪ್ಪ ಕಾಳುಕಡಿಯ ವ್ಯಾಪಾರಿ. ರಜಾಕಾರರ ಕ್ಯಾಂಪಿಗೆ ಜೋಳ ಕಳಿಸುವವನೂ ಅವನೇ, ಗಡಿಯಾಚೆ ಸೊಲ್ಲಾಪುರಕ್ಕೆ ಓಡಿಹೋಗಿ ಹೋರಾಟಗಾರರನ್ನು ಸೇರಿಕೊಂಡಿದ್ದ ಹುಡುಗನ ಸೋದರಮಾವನೂ ಅವನೇ. ಒಂದು ದಿನ ಕ್ಯಾಂಪಿನವರು ಅವನನ್ನು ಕರೆಸಿ, ಸೊಲ್ಲಾಪುರದ ಜೊತೆ ಸಂಬಂಧ ಇಟ್ಟುಕೊಂಡವರು ಔರಾದಿನಲ್ಲಿ ಯಾರು ಎಂದು ಕೇಳಿದರು. ಅವನಿಗೆ ತನ್ನ ಚರ್ಮ ಉಳಿಸಿಕೊಳ್ಳಲು ಒಂದು ಹೆಸರು ಬೇಕಾಗಿತ್ತು. ಬಳೆ ತರಲು ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದ ಪಂಢರಿಯ ಹೆಸರು ಕೊಟ್ಟ. ಬಳೆಪೆಟ್ಟಿಗೆಯ ತಳದಲ್ಲಿ ತಿರಂಗಾ ಝಂಡಾ ತರುತ್ತಾನೆ ಎಂದ. ಝಂಡಾ ಎಲ್ಲಿಯದು, ಹಣೆಬರಹ! ಅದರ ತಳದಲ್ಲಿ ಇದ್ದದ್ದು ಬಳೆ ಒಡೆಯದಿರಲೆಂದು ಹಾಕಿದ ಹುಲ್ಲು.

ಮರೆಯಲ್ಲಿ ಹೇಳಿ ಸುಮ್ಮನಾಗಿದ್ದರೂ ಒಂದು ಮಾತು. ಹಾವಗೆಪ್ಪ ಅವರ ಜೊತೆಗೇ ಬಂದು, ಹಾಡಹಗಲು, ಬೆರಳು ಮಾಡಿ ಮನೆ ತೋರಿಸಿದ. ಕೇಶರಬಾಯಿ ಅವನ ಕಾಲಿಗೆ ಬಿದ್ದಳು.

"ಸಾವ್ಕಾರ್ರ, ನಮ್ಮ ಮ್ಯಾಲ ಯಾಕ್ರಿ? ನಾವೇನ ಮಾಡೇವ್ರಿ?"

ಅವನು ಬಗ್ಗಿ ಅವಳಿಗಷ್ಟೇ ಕೇಳುವಂತೆ ಹೇಳಿದ. "ಊರವರ ಹೆಸರ ಹೇಳಿದ್ರ ನಾಳಿ ಅವರ ಮಂದಿ ನನ್ನ ಬಿಡ್ತಾರೇನು? ನಿಮಗ ಈ ಊರಾಗ ಯಾರಿದ್ದಾರ?"

ಕ್ಯಾಂಪಿನಲ್ಲಿ ಪಂಢರಿಯ ಬಲಗೈಯನ್ನು ಕಲ್ಲಿನ ಮೇಲಿಟ್ಟು ಬಂದೂಕಿನ ಹಿಂಬದಿಯಿಂದ ಜಜ್ಜಿದರು. ಅಲ್ಲಿಂದ ಬೀದರಿನ ಜೈಲಿಗೆ ಹೋದವನು ಮನೆಗೆ ಬಂದದ್ದು ಪೋಲೀಸ್ ಆಕ್ಷನ್ ಆಗಿ ಮಿಲಿಟರಿಯವರು ಬಂದ ಮೇಲೆಯೇ. ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ಕೂತುಬಿಟ್ಟಿದ್ದವು. ಬಳೆಗಾರನ ಬಲಗೈ ಹೋಯಿತೆಂದರೆ ಇನ್ನೇನು ಉಳಿಯಿತು, ಹೇಳಿ. ಕೇಶರಬಾಯಿ ಆ ಕೈಗೆ ಎಣ್ಣೆ ತಿಕ್ಕಿದಳು, ಬಿಸಿ ಕೊಟ್ಟಳು, ಅತ್ತಳು. ಅಳು ಮುಗಿಯಿತು. ಆದರೆ "ನಿಮಗ ಈ ಊರಾಗ ಯಾರಿದ್ದಾರ" ಎಂಬ ಮಾತು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ಕೈ ಜಜ್ಜಿದವರ ಮುಖ ಅವಳು ನೋಡಿರಲಿಲ್ಲ. ಈ ಮುಖವನ್ನು ನೋಡಿದ್ದಳು.

ಹಾವಗೆಪ್ಪನ ಭಾಗ್ಯ ನೋಡಿ. ಮಿಲಿಟರಿ ಬಂದ ಮರುದಿನವೇ ತಲೆಯ ಮೇಲೆ ಬಿಳಿ ಟೋಪಿ ಬಂತು. ಚಾವಡಿಯ ಮುಂದೆ ಝಂಡಾ ಹಾರಿಸಿದವರಲ್ಲಿ ಅವನೇ ಮೊದಲಿಗ. ಓಡಿಹೋಗಿದ್ದ ಸೋದರಳಿಯನ ಸಾಹಸವೆಲ್ಲ ತನ್ನ ಕುಮ್ಮಕ್ಕಿನಿಂದಲೇ ಆದದ್ದು ಎಂದು ಊರೂರು ಹೇಳಿಕೊಂಡು ಬಂದ. ಕೇಶರಬಾಯಿ ಬೀದರಿಗೆ ಹೋಗಿ ಒಬ್ಬ ಸಾಹೇಬರ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಸಾಕ್ಷಿ ಯಾರು ಎಂದರು. ಔರಾದಿಗೆ ಬಂದು ಮನೆಮನೆ ಕೇಳಿದಳು. ಕಣ್ಣಾರೆ ಕಂಡ ಜನ ಅಂದು ಮನೆಯಲ್ಲೇ ಇರಲಿಲ್ಲವಂತೆ. ಒಬ್ಬರು ಹೊಲಕ್ಕೆ, ಒಬ್ಬರು ಸಂತೆಗೆ, ಒಬ್ಬರಿಗೆ ಕಣ್ಣುಬೇನೆ. ಆ ಕಣ್ಣುಬೇನೆಯವಳ ಕೈಗೆ ಬಳೆ ಇಡುವಾಗ ಕೇಶರಬಾಯಿ ತುಸು ಬಿಗಿಯಾದದ್ದನ್ನೇ ಆರಿಸಿ ಇಟ್ಟಳು. ತೆಗೆಯಬೇಕೆಂದರೆ ಒಡೆಯಬೇಕು, ಗಂಡ ಇರುವಾಗ ಒಡೆಯುವುದು ಹೇಗೆ? ಮೂಲಂಗಿಯಂತೆ ಊದಿದ ಕೈ ಹೊತ್ತು ಆಕೆ ದೀಪಾವಳಿ ಕಳೆದಳು.

ಹೀಗಿರುವಾಗ ಪಂಢರಿ ಬೀದರಿನ ಮಾತು ಎತ್ತಿದ.

ಬೀದರಿನಲ್ಲಿ ಅವನ ಹಳೆಯ ಗೆಳೆಯ ಅಬ್ದುಲ ಗಫೂರ, ಅರಗಿನ ಬಳೆ ಮಾಡುವವನು. ಪೋಲೀಸ್ ಆಕ್ಷನ್ ಆದಮೇಲೆ ಗಫೂರನ ಮನೆಯೂ ಸುಖ ಕಂಡಿರಲಿಲ್ಲ. ಹಳ್ಳಿಗೆ ಹೋಗಿದ್ದ ತಮ್ಮ ಮರಳಿ ಬರಲಿಲ್ಲ, ಎಲ್ಲಿ ಹೋದನೆಂದು ಹೇಳುವವರೂ ಸಿಗಲಿಲ್ಲ. ತಮ್ಮ ಕೂರುತ್ತಿದ್ದ ಅರ್ಧ ಅಂಗಡಿ ಖಾಲಿ ಬಿದ್ದಿತ್ತು.

"ಆ ಅರ್ಧಾ ನಮಗ ಕೊಡ್ತೇನಿ ಅಂದಾನ," ಎಂದ ಪಂಢರಿ, ಎಡಗೈಯಿಂದ ರೊಟ್ಟಿ ಮುರಿಯುತ್ತ. "ಅವರು ಅರಗಿಂದ ಮಾಡ್ತಾರ, ನಾವು ಗಾಜಿಂದ ಇಡೋಣು. ಅವನ ಹೆಂಡ್ತಿ ಚಾಂದಬೀ ನಿನ್ನ ಕೇಳ್ಲತಿದ್ಳು. ಚಲೋ ಓಣಿ ಅದ. ಎದುರಿಗಿ ದೊಡ್ಡ ಮನಿ, ಹುಣಸಿ ಗಿಡದ ನೆಳ್ಳು."

"ಓಡಿ ಹೋಗೋಣು ಅನ್ರಿ! ಹಂಗ ಬಿಚ್ಚಿ ಹೇಳ್ರಿ," ಎಂದಳು ಕೇಶರಬಾಯಿ.

"ಓಡೋದಲ್ಲ, ಕೇಶರ. ಹೋಗೋದು."

"ಸೊಲ್ಲಾಪುರದಿಂದ ಒಮ್ಮಿ ಹೋಗೇ ಬಂದೇವಿ. ಇಲ್ಲಿಂದ ಹೋದ್ರ ಅವನಿಗಿ ಹಬ್ಬ. ನಾ ಹೇಳಿದ್ದಿಲ್ಲೇನು, ಪರಊರವರು, ಗಂಟಮೂಟಿ ಕಟಗೊಂಡ ಹೋದ್ರು ಅಂತಾನ. ಇಲ್ಲಿ ಬಳಿ ಇಡೋ ಮನಿಗೋಳು ನಮ್ಮವು ಅವ. ಬೀದರದಾಗ ಒಂದ ಮನಿ ನಮ್ಮದದ ಏನ್ರಿ? ಅವನ ಮುಖಕ್ಕ ಮಸಿ ಬಳೀದ ಹೊರ್ತು ನಾ ಔರಾದ ಬಿಡಾಂಗಿಲ್ಲ. ನೀವ ಹೋಗ್ರಿ ಬೇಕಾದ್ರ."

ಪಂಢರಿ ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿದುಕೊಂಡ. ಜೈಲಿನಿಂದ ಬಂದಮೇಲೆ ಅವನು ಬಹಳ ಮಾತಿನವನಲ್ಲ. ಈ ಮನುಷ್ಯನ ರಕ್ತವೆಲ್ಲ ಆ ಕಲ್ಲಿನ ಮೇಲೇ ಹರಿದುಹೋಯಿತು ಎಂದುಕೊಂಡು ಅವಳು ರೊಟ್ಟಿಯ ಹಿಟ್ಟನ್ನು ಹಾವಗೆಪ್ಪನ ಬೆನ್ನೆಂದು ತಟ್ಟಿದಳು. ಅಂದಿನಿಂದ ಆ ಮನೆಯಲ್ಲಿ ದಿನಾ ಅದೇ ಜಗಳ. ಅವನು ಹೋಗೋಣ ಎನ್ನುವನು, ಅವಳು ಬಿಡಾಂಗಿಲ್ಲ ಎನ್ನುವಳು. ಎರಡು ಸಲ ಅವನು ಬೀದರಿಗೆ ಹೋಗಿ ಅಂಗಡಿ ನೋಡಿಯೂ ಬಂದ.

ಅಷ್ಟರಲ್ಲಿ ಸುಮಿತ್ರಾಳ ಮದುವೆ ಗೊತ್ತಾಯಿತು. ಗಂಡು ಭಾಲ್ಕಿಯದು. ಹುಡುಗನ ತಂದೆ ಮನ್ಮಥಪ್ಪ, ಹೋರಾಟದಲ್ಲಿ ಬೀದರಿನ ಜೈಲು ಕಂಡುಬಂದ ಗೌರವಸ್ಥ. ಭಾಲ್ಕಿಯಲ್ಲಿ ಅವರ ಮಾತಿಗೆ ತೂಕವಿತ್ತು. ಇಂಥ ಬೀಗತನದ ಬಲದಿಂದ ಹಾವಗೆಪ್ಪ ಔರಾದು ಬಿಟ್ಟು ಬೀದರಿನಲ್ಲೇ ದೊಡ್ಡ ಲೀಡರ್ ಆಗುವ ಲೆಕ್ಕಾಚಾರದಲ್ಲಿದ್ದ. ಅಲ್ಲಿ ಒಂದು ಮನೆಯನ್ನೂ ಕೊಂಡಿದ್ದಾನಂತೆ ಎಂದು ಜನ ಆಡಿಕೊಂಡರು. ಕೇಶರಬಾಯಿಗೆ ಆ ಮಾತೆಲ್ಲ ಕಿವಿಯ ಮೇಲೆ ಬೀಳಲಿಲ್ಲ. ಅವಳಿಗೆ ಕೇಳಿಸಿದ್ದು ಒಂದೇ: ಮದುವೆ. ಹಸಿರು ಬಳೆ. ಮೊದಲ ಜೋಡಿ.

ಅಲ್ಲಿಯವರೆಗೆ ಔರಾದಿನ ಜನ ಅವಳ ಗಂಡನ ಕೈ ನೋಡಿ, ಪಾಪ ಎಂದು ಆ ರೀತಿಯನ್ನು ಬಿಟ್ಟುಕೊಟ್ಟಿದ್ದರು. ಮೊದಲ ಜೋಡಿಯನ್ನೂ ಅವಳೇ ಇಡುತ್ತಿದ್ದಳು. ಈ ಸಲ ಅವಳು ಇಡುವುದಿಲ್ಲ. ಅವನು ಮುರಿಸಿದ ಕೈಯೇ ಅವನ ಮಗಳಿಗೆ ಬಳೆ ಇಡಲಿ. ಬೀಗರೆಲ್ಲ ಕೂತಿರಲಿ. ಒಂದೊಂದೇ ಒಡೆಯಲಿ. ಒಡೆದಾಗ ಯಾಕೆ ಒಡೆಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಹೇಳುತ್ತೇನೆ, ಬೆರಳು ಮಾಡಿ ತೋರಿಸುತ್ತೇನೆ, ಅವನು ಅಂದು ತೋರಿಸಿದ ಹಾಗೆ. ಸುಮಿತ್ರಾಳ ಮುಖ ನೆನಪಾಗಿ ಒಂದು ಗಳಿಗೆ ಅವಳ ಎದೆ ಅಳುಕಿತು. ಆದರೆ ನನ್ನ ಗಂಡ ಯಾರ ಮಗನೂ ಅಲ್ಲವೇನು ಎಂದು ತನಗೆ ತಾನೇ ಜೋರು ಮಾಡಿಕೊಂಡಳು. ಪಂಢರಿಗೆ ಮಾತ್ರ ಏನೂ ಹೇಳಲಿಲ್ಲ.

ಬಳೆಯ ದಿನ ಹಾವಗೆಪ್ಪನ ಅಂಗಳದಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಒಂದು ಕಡೆ ಜಮಖಾನೆಯ ಮೇಲೆ ಭಾಲ್ಕಿಯ ಬೀಗರು, ಇನ್ನೊಂದು ಕಡೆ ಹೆಂಗಸರು, ನಡುವೆ ಮಣೆಯ ಮೇಲೆ ಸುಮಿತ್ರಾ. ಕೇಶರಬಾಯಿ ಪೆಟ್ಟಿಗೆ ತೆಗೆದು ಅರಿಷಿಣ ಕುಂಕುಮ ಏರಿಸಿದಳು. ಹುಡುಗಿ ಕೈ ಚಾಚಿತು. ಅವಳು ಹಿಡಿಯಲಿಲ್ಲ.

"ಮದಲ ಜೋಡಿ ನಮ್ಮ ಮನಿಯವರು ಇಡಬೇಕ್ರಿ. ಕರೀರಿ ಅವರಿಗಿ," ಎಂದಳು, ಇಡೀ ಅಂಗಳಕ್ಕೆ ಕೇಳುವಂತೆ.

ಗುಂಡಮ್ಮನ ಮುಖ ಬಿಳುಚಿತು. "ಕೇಶರಕ್ಕ, ನೀನೇ ಇಡವಾ. ಅವರಿಗಿ ಯಾಕ ತ್ರಾಸ..."

"ರೀತಿ ಮುರ್ಯಾಕ ನಾ ಯಾರ್ರಿ, ಅಕ್ಕಾರ? ಪರಊರವಳು."

ಹಾವಗೆಪ್ಪ ಕಂಬದ ಹತ್ತಿರದಿಂದ ಹುಬ್ಬು ಗಂಟಿಕ್ಕಿ ಬಂದ. "ಏ, ನಾಟಕ ಮಾಡಬ್ಯಾಡ. ಭಾಲ್ಕಿಯಿಂದ ಬ್ಯಾರೆ ಬಳಿಗಾರನ್ನ ಕರಸ್ತೇನಿ."

"ಕರಸ್ರಿ. ನಮ್ಮ ಪಾಲಿನ ಮನಿಗಿ ಯಾವ ಬಳಿಗಾರ ಕಾಲಿಡ್ತಾನ, ನಾನೂ ನೋಡ್ತೇನಿ."

ಹಾವಗೆಪ್ಪನಿಗೂ ಅದು ಗೊತ್ತಿತ್ತು. ಬೀಗರ ಕಡೆಯ ಮುದುಕಿಯೊಬ್ಬಳು, ಆಕಿ ಹೇಳೋದು ಖರೇ ಅದ, ರೀತಿ ಅಂದ್ರ ರೀತಿ ಎಂದುಬಿಟ್ಟಳು. ಅಷ್ಟು ಹೊತ್ತಿಗೆ ಊಟಕ್ಕೆಂದು ಬಂದು ಬಾಗಿಲ ಬಳಿ ಕೂತಿದ್ದ ಪಂಢರಿಯನ್ನು ಯಾರೋ ಎಬ್ಬಿಸಿ ಕಳಿಸಿದರು. ಅವನು ಒಳಗೆ ಬಂದು ಹೆಂಡತಿಯ ಮುಖ ನೋಡಿದ. ಎಲ್ಲ ತಿಳಿಯಿತು. ಮಣೆಯ ಮುಂದೆ ಕೂತು ಹುಡುಗಿಯ ಕೈಯನ್ನು ಎಡಗೈಯಲ್ಲಿ ಹಿಡಿದ. ಬಲಗೈಯ ಹೆಬ್ಬೆರಳು ಮತ್ತು ಅಂಗೈಯ ನಡುವೆ ಬಳೆ ಸಿಕ್ಕಿಸಿಕೊಂಡ.

ಮೊದಲನೆಯದು ಒಡೆಯಿತು. ಹೆಂಗಸರು "ಅಯ್ಯ ನಮ್ಮವ್ವ" ಎಂದು ಬಾಯಿಯ ಮೇಲೆ ಕೈ ಇಟ್ಟರು. ಎರಡನೆಯದೂ ಒಡೆದು ಸುಮಿತ್ರಾಳ ಮಣಿಕಟ್ಟಿನಲ್ಲಿ ಕೆಂಪು ಗೆರೆ ಮೂಡಿತು. ಕೇಶರಬಾಯಿಯ ಕಿವಿಯೊಳಗೆ ಡೊಳ್ಳು ಬಾರಿಸಿದಂತಾಯಿತು. ಕೇಳಲಿ, ಯಾರಾದರೂ ಕೇಳಲಿ.

ಕೇಳಿದವರು ಮನ್ಮಥಪ್ಪ. ಜಮಖಾನೆಯಿಂದ ಎದ್ದು ಬಂದು ಬಗ್ಗಿ, ಬಳೆಯನ್ನಲ್ಲ, ಆ ಕೈಯನ್ನು ನೋಡಿದರು.

"ಪಂಢರಿ? ನೀನೇ ಏನು? ಈ ಕೈ ನೋಡೇ ಅಲ್ಲೇನೋ ಜೈಲಿನಾಗ ನಾ ನಿನಗ ತುತ್ತ ಮಾಡಿ ಉಣಿಸಿದ್ದು!"

"ಹೌದ್ರಿ ಯಪ್ಪಾ," ಎಂದ ಪಂಢರಿ.

"ಊರಾಗಿನ ಒಬ್ಬ ಹಿರ್ಯಾ ಮನಿ ತೋರ್ಸಿದ ಅಂದಿದ್ದಿ. ಎಷ್ಟ ಕೇಳಿದ್ರೂ ಹೆಸರ ಹೇಳ್ಲಿಲ್ಲ. ಇದೇ ಊರು ಅಲ್ಲೇನು? ಯಾರವ? ಈಗ ಹೇಳು, ಯಾರಿಗಿ ಅಂಜ್ತಿ?"

ಔರಾದಿನವರೆಲ್ಲ ತಮ್ಮ ತಮ್ಮ ಕಾಲಬೆರಳು ನೋಡಿಕೊಳ್ಳತೊಡಗಿದರು. ಹಾವಗೆಪ್ಪ ಹಿಂದೆ ಸರಿದು ಮತ್ತೆ ಕಂಬವನ್ನು ಹಿಡಿದುಕೊಂಡಿದ್ದ. ಹೇಳ್ರಿ ಎಂದು ಕೇಶರಬಾಯಿಯ ಕಣ್ಣು ಗಂಡನನ್ನು ಚುಚ್ಚಿತು. ತಾನೇ ಹೇಳಲು ಬಾಯಿ ತೆರೆದಳು. ಪಂಢರಿ ಎಡಗೈ ಎತ್ತಿ ತಡೆದ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಅವಳ ಮಾತನ್ನು ಹಾಗೆ ತಡೆದದ್ದು ಅದೇ ಮೊದಲು.

"ಹೇಳ್ತೇನ್ರಿ," ಎಂದ. ಎಂದವನು ನಿಧಾನವಾಗಿ ಕತ್ತು ತಿರುಗಿಸಿ ಹಾವಗೆಪ್ಪನನ್ನು ನೋಡಿದ. ನೋಡುತ್ತಲೇ ಇದ್ದ. "ಇವತ್ತಲ್ರಿ. ಬಳಿ ಇಡೋವಾಗ ಅಂಥಾ ಮಾತ ಆಡಬಾರದು. ನಾವೂ ಬೀದರಕ್ಕ ಮನಿ ಮಾಡ್ಲತೇವ್ರಿ. ನೀವು ಬೀಗರ ಮನಿಗಿ ಅಲ್ಲಿ ಬರ್ತಿರ್ತೀರಲ್ಲ, ಅಲ್ಲೇ ಹೇಳ್ತೇನಿ."

ಆಮೇಲೆ ಸುಮಿತ್ರಾಗೆ, "ಮುಷ್ಟಿ ಸಡ್ಲ ಬಿಡು ತಾಯಿ, ಅಂಜಬ್ಯಾಡ" ಎಂದ. ಅಳುತ್ತಿದ್ದ ಹುಡುಗಿ ಕೈ ಸಡಿಲ ಬಿಟ್ಟಿತು. ಮೂರನೆಯ ಬಳೆ ಸರಕ್ಕನೆ ಏರಿತು. ಅದರ ಜೋಡಿಯೂ ಏರಿತು. ಉಳಿದವನ್ನು ಕೇಶರಬಾಯಿ ಇಟ್ಟಳು, ಸಿಟ್ಟಿನಿಂದ.

ಮನೆಯ ದಾರಿಯಲ್ಲಿ ಅವಳು ಅವನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಹೇಡಿ ಎಂದದ್ದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನದು. "ಬಾಯಿಗಿ ಬಂದ ತುತ್ತ ಮಣ್ಣಿಗಿ ಹಾಕಿದ್ರಿ! ಒಂದ ಹೆಸರ, ಒಂದೇ ಒಂದ ಹೆಸರ ಹೇಳಾಕ ಆಗ್ಲಿಲ್ಲೇನ್ರಿ ನಿಮಗ?"

ಪಂಢರಿ ಅವಳು ಸುಸ್ತಾಗುವವರೆಗೆ ಕಾದ.

"ಇವತ್ತ ಹೇಳಿದ್ರ ಏನಾಗ್ತಿತ್ತು, ಕೇಶರ? ಮದವಿ ಮುರೀತಿತ್ತು. ಊರೆಲ್ಲ ಪೋರಿನ್ನ ನೋಡಿ ಮರಗ್ತಿತ್ತು. ಪೋರಿ ಸಲುವಾಗಿ ಅವನಿಗೂ ಮರಗ್ತಿತ್ತು. ಕೆಟ್ಟವರು ನಾವಾಗ್ತಿದ್ದೆವು. ನಾಕ ದಿನದ ಮಾತು, ಅವ ಮೈ ಝಾಡಿಸ್ಕೊಂಡ ಎದ್ದು ನಡೀತಿದ್ದ." ಅವನು ನಿಂತು ಆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದ. "ನನಗ ನಾಕ ದಿನ ಸಾಲದು. ನನಗಿದು ಸಾಯೋತನಕ ಅದ. ಅವನಿಗೂ ಸಾಯೋತನಕ ಇರ್ಲಿ."

ಕೇಶರಬಾಯಿ ತಲೆಯ ಮೇಲಿನ ಪೆಟ್ಟಿಗೆ ಹಿಡಿದುಕೊಂಡು ಅವನ ಕಡೆ ತಿರುಗಿದಳು.

"ಗಫೂರಭಾಯಿ ಅಂಗಡಿ ಎದುರಿಗಿ ದೊಡ್ಡ ಮನಿ ಅದ ಅಂದಿದ್ದೆ. ಅದು ಯಾರದಂತ ನೀ ಕೇಳ್ಲೇ ಇಲ್ಲ."

ಅವಳು ಅಲ್ಲೇ, ನಡುಬೀದಿಯಲ್ಲಿ, ಬಳೆಪೆಟ್ಟಿಗೆಯನ್ನು ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟಳು. ಈ ಮನುಷ್ಯನ ರಕ್ತ ಹರಿದುಹೋಗಿದೆ ಎಂದುಕೊಂಡಿದ್ದಳಲ್ಲ! ಕೂತವಳಿಗೆ ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಮತ್ತೆ ನಗು. "ನನಗ ಮದಲೇ ಯಾಕ ಹೇಳ್ಲಿಲ್ರಿ?" ಎಂದಳು. "ನಿನ್ನ ಬಾಯಾಗ ಮಾತ ನಿಲ್ತದೇನು?" ಎಂದ ಪಂಢರಿ. ಅದು ಮಾತ್ರ ನಿಜ.

ಮದುವೆ ಮುಗಿಯುತ್ತಲೇ ಔರಾದಿನ ಮನೆಗಳನ್ನು ದೂರದ ನೆಂಟನೊಬ್ಬನಿಗೆ ಕೊಟ್ಟು ಗಂಡಹೆಂಡಿರು ಬೀದರಿಗೆ ಬಂದರು. ಒಂದೊಂದು ಮನೆಯ ಕೈಗಳ ಗುಣವನ್ನು ಅವನಿಗೆ ಹೇಳಿಕೊಡುವಾಗ ಕೇಶರಬಾಯಿಯ ಕರುಳು ಹಿಂಡಿತು, ಸುಳ್ಳು ಯಾಕೆ. ಆದರೆ ಬೀದರಿಗೆ ಬಂದ ಮೊದಲ ಬೆಳಗ್ಗೆಯೇ ಅದಕ್ಕೆ ಔಷಧ ಸಿಕ್ಕಿತು. ಎದುರಿನ ಮನೆಯಿಂದ, ಆಗಲೇ ಅಲ್ಲಿ ಬಿಡಾರ ಹೂಡಿದ್ದ ಹಾವಗೆಪ್ಪ ಇಸ್ತ್ರಿ ಟೋಪಿ ಹಾಕಿಕೊಂಡು ಹೊರಬಂದ. ಹಲಗೆಯ ಮೇಲೆ ಕೂತಿದ್ದ ಪಂಢರಿ ಎದ್ದು ನಿಂತು, ಮಡಚಿದ ಬೆರಳುಗಳ ಕೈಯನ್ನು ಹಣೆಗೆ ಏರಿಸಿ, "ಶರಣ್ರಿ ಸಾವ್ಕಾರ್ರ" ಎಂದ. ಅಷ್ಟೇ. ಒಂದು ಕೆಟ್ಟ ಮಾತಿಲ್ಲ, ಒಂದು ಕೆಟ್ಟ ನೋಟವಿಲ್ಲ. ಮರುದಿನವೂ ಶರಣು. ಅದರ ಮರುದಿನವೂ ಶರಣು.

ಮನ್ಮಥಪ್ಪ ಬೀದರಿಗೆ ಬಂದಾಗಲೆಲ್ಲ ಬೀಗರ ಮನೆಗೆ ಹೋಗುವ ಮೊದಲು ಈ ಅಂಗಡಿಯಲ್ಲಿ ಕೂತು ಚಹ ಕುಡಿಯುವರು. "ಹೇಳ್ತಿಯೇನೋ ಪಂಢರಿ?" ಎನ್ನುವರು. "ಹೇಳ್ತೇನ್ರಿ ಯಪ್ಪಾ, ಇವತ್ತಲ್ಲ" ಎನ್ನುವನು ಇವನು. ಹಾವಗೆಪ್ಪ ಮಹಡಿಯ ಕಿಟಕಿಯಿಂದ ಇಬ್ಬರ ತುಟಿಗಳನ್ನೇ ನೋಡುತ್ತ ನಿಂತಿರುವನು. ಅವನ ಅಂಗಿ ದಿನದಿನಕ್ಕೆ ಸಡಿಲವಾಯಿತು. ಜೋಳದ ಚೀಲ ಕಳಿಸಿದ, ಚೀಲ ಹೋದ ದಾರಿಯಲ್ಲೇ ತಿರುಗಿ ಬಂತು. ಗುಂಡಮ್ಮನನ್ನು ಕಳಿಸಿದ, ಆಕೆಯನ್ನು ಕೇಶರಬಾಯಿ ಆದರದಿಂದ ಕೂರಿಸಿ, ಸರಿಯಾದ ಅಳತೆಯ ಬಳೆ ಇಟ್ಟು ಕಳಿಸಿದಳು.

ಕೊನೆಗೊಂದು ದಿನ ಹಾವಗೆಪ್ಪ ಮುಂಬಾಗಿಲಿನಿಂದ ಬರಲೇ ಇಲ್ಲ. ಮರುದಿನವೂ ಇಲ್ಲ. ಕೇಶರಬಾಯಿಗೆ ಗಾಬರಿಯಾಯಿತು, ಎಲ್ಲಿ ಸತ್ತುಗಿತ್ತನೋ ಎಂದು ವಿಠ್ಠಲನ ಮೇಲೆ ರೇಗಿದಳು. ಆಗ ಚಾಂದಬೀ ನಗುತ್ತ ಹೇಳಿದಳು, "ಆ ಮನಿಗಿ ಹಿಂದಿನ ಗಲ್ಲಿಗಿ ಒಂದ ದರ್ವಾಜಾ ಅದ, ಅಕ್ಕ. ಸಾವ್ಕಾರ ಈಗ ಅಲ್ಲಿಂದ ಹೋಗ್ತಾನ."

ಮರುದಿನ ಬೆಳಗ್ಗೆ ಹಾವಗೆಪ್ಪ ಹಿಂಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು, ಅಲ್ಲೇ ನಿಂತ. ಮೆಟ್ಟಿಲಿನ ಎದುರಿಗೇ ಗೋಣಿತಟ್ಟು ಹಾಸಿ, ಪೆಟ್ಟಿಗೆ ಮುಂದಿಟ್ಟುಕೊಂಡು ಕೇಶರಬಾಯಿ ಕೂತಿದ್ದಳು.

"ಶರಣ್ರಿ," ಎಂದಳು. "ಬೀದರದಾಗ ನನಗ ಯಾರಿದ್ದಾರ ಅನಕೋಬ್ಯಾಡ್ರಿ, ಸಾವ್ಕಾರ್ರ. ಮುಂದಿನ ಬಾಗಲಿಗಿ ಅವರಿದ್ದಾರ. ಹಿಂದಿನ ಬಾಗಲಿಗಿ ನಾ ಇದ್ದೇನಿ."

ಹಾವಗೆಪ್ಪ ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದ. ಕೇಶರಬಾಯಿ ಹಸಿರು ಬಳೆಯ ಗೊಂಚಲು ಬಿಚ್ಚಿ ಬೋಣಿಗೆಗೆ ಕಾಯುತ್ತ ಕೂತಳು.